ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರದ ಅನಿರೀಕ್ಷಿತ ಅನುಭವಗಳು: ಯಾವುದನ್ನು ಸಹಿಸಬೇಕು, ಯಾವುದಕ್ಕೆ ವೈದ್ಯರನ್ನು ಕರೆಯಬೇಕು

ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಗೆ ಮುನ್ನ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರದಲ್ಲಿ ರಕ್ತಸ್ರಾವ, ಹೊಲಿಗೆಯ ಸೋರಿಕೆ, ರಕ್ತ ಹೆಪ್ಪುಗಟ್ಟುವಿಕೆಯಂಥ ದೊಡ್ಡ ಅಪಾಯಗಳ ಪಟ್ಟಿ ಇರುತ್ತದೆ. ಆದರೆ ಮನೆಗೆ ಬಂದ ಮೇಲೆ ರೋಗಿಯನ್ನೂ ಮನೆಯವರನ್ನೂ ಗಾಬರಿಗೊಳಿಸುವುದು ಬಹುಮಟ್ಟಿಗೆ ಆ ಪಟ್ಟಿಯಲ್ಲಿಲ್ಲದ ಸಂಗತಿಗಳು. ಆಪರೇಷನ್ ಹೊಟ್ಟೆಗೆ ಆಗಿದ್ದರೂ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಎರಡು ತುತ್ತು ಅನ್ನಕ್ಕೆ ಬಾಯಿತುಂಬ ನೊರೆ ಬರುತ್ತದೆ. ಮೂರನೆಯ ವಾರಕ್ಕೇ ತೂಕ ಇಳಿಯುವುದು ನಿಲ್ಲುತ್ತದೆ. ನಾಲ್ಕನೆಯ ತಿಂಗಳಲ್ಲಿ ಬಾಚಣಿಗೆಯ ತುಂಬ ಕೂದಲು ಬರುತ್ತದೆ. ಇವುಗಳಲ್ಲಿ ಹೆಚ್ಚಿನವು ಕಾಲ ಕಳೆದಂತೆ ತಾವಾಗಿಯೇ ಸರಿಹೋಗುತ್ತವೆ. ಇದಕ್ಕೆ ವ್ಯತಿರಿಕ್ತವಾಗಿ, ನಿಜಕ್ಕೂ ಆಸ್ಪತ್ರೆಗೆ ಧಾವಿಸಬೇಕಾದ ಕೆಲವು ಲಕ್ಷಣಗಳು ನೋಡುವುದಕ್ಕೆ ಸೌಮ್ಯವಾಗಿರುತ್ತವೆ: ಮಲಗಿದ್ದರೂ ಇಳಿಯದ ನಾಡಿಬಡಿತ, ದಿನಗಟ್ಟಲೆ ಮುಂದುವರಿಯುವ ಸಣ್ಣ ವಾಂತಿ, ನಡೆಯುವಾಗಿನ ತುಸು ತೂರಾಟ. ಹಾಗಾಗಿ ಕಷ್ಟ ಎಷ್ಟು ಜೋರಾಗಿದೆ ಎಂಬುದರಿಂದ ಅಪಾಯವನ್ನು ಅಳೆಯಲು ಹೋಗಬಾರದು. ಯಾವುದು ಯಾವಾಗ ಬರುತ್ತದೆ, ಏಕೆ ಬರುತ್ತದೆ ಎಂಬುದನ್ನು ತಿಳಿದಿದ್ದರೆ ಮಾತ್ರ ಸರಿಯಾದ ಅಳತೆ ಸಿಗುತ್ತದೆ. ಕೆಳಗಿನ ಹೆಜ್ಜೆಗಳನ್ನು ಚೇತರಿಕೆಯ ಕಾಲಕ್ರಮದಲ್ಲಿ ಜೋಡಿಸಲಾಗಿದೆ. ನಿಮ್ಮ ಶಸ್ತ್ರವೈದ್ಯರು ಬರೆದುಕೊಟ್ಟ ಸೂಚನೆ ಇದಕ್ಕಿಂತ ಭಿನ್ನವಾಗಿದ್ದರೆ ಅವರ ಮಾತನ್ನೇ ಪಾಲಿಸಬೇಕು.

ಹೆಜ್ಜೆ 1: ನಿಮಗಾದ ಶಸ್ತ್ರಚಿಕಿತ್ಸೆ ಯಾವುದೆಂದು ಬರೆದಿಟ್ಟುಕೊಳ್ಳಿ

ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಶೇಕಡಾ 75ರಿಂದ 80ರಷ್ಟು ಭಾಗವನ್ನು ಕತ್ತರಿಸಿ ತೆಗೆದು, ಬಾಳೆಹಣ್ಣಿನಾಕಾರದ ಕೊಳವೆಯೊಂದನ್ನಷ್ಟೇ ಉಳಿಸುತ್ತಾರೆ. ಹಸಿವನ್ನು ಹುಟ್ಟಿಸುವ ಘ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವ ಜಠರದ ಮೇಲ್ಭಾಗವೂ ಹಾಗೆ ತೆಗೆದ ಭಾಗದಲ್ಲೇ ಹೋಗುವುದರಿಂದ, ಮೊದಲ ತಿಂಗಳುಗಳಲ್ಲಿ ಹಸಿವೇ ಆಗದಿರುವುದು ಸಹಜ. ರೂ-ಎನ್-ವೈ ಬೈಪಾಸ್‌ನಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವನ್ನು ಜಠರದಿಂದ ಬೇರ್ಪಡಿಸಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಇದರಿಂದ ಕಬ್ಬಿಣವನ್ನೂ ಕ್ಯಾಲ್ಸಿಯಂ ಅನ್ನೂ ಚೆನ್ನಾಗಿ ಹೀರಿಕೊಳ್ಳುವ ಕರುಳಿನ ಮೊದಲ ತುಂಡು ಆಹಾರದ ದಾರಿಯಿಂದ ಹೊರಗುಳಿಯುತ್ತದೆ. ಮಿನಿ ಬೈಪಾಸ್ ಎಂದು ಕರೆಯುವ ಶಸ್ತ್ರಚಿಕಿತ್ಸೆಯಲ್ಲಿ ಇಂಥ ಜೋಡಣೆ ಒಂದೇ ಕಡೆ ಇರುತ್ತದೆ.

ಈ ವ್ಯತ್ಯಾಸ ಮುಂದೆ ಬಹಳ ಕಡೆ ಬೇಕಾಗುತ್ತದೆ. ಎದೆಯುರಿ, ಹುಳಿತೇಗು ಸ್ಲೀವ್ ಆದವರಿಗೆ ಹೆಚ್ಚು. ಡಂಪಿಂಗ್ (ಸಿಹಿ ಬೇಗನೆ ಕರುಳಿಗೆ ಇಳಿದಾಗ ಆಗುವ ತೊಂದರೆ), ಜೋಡಣೆಯ ಜಾಗದಲ್ಲಿ ಹುಣ್ಣು, ಒಳಗಿನ ಹರ್ನಿಯಾ (ಹೊಟ್ಟೆಯೊಳಗಿನ ಸಂದಿಯಲ್ಲಿ ಕರುಳು ನುಸುಳುವುದು) ಬೈಪಾಸ್ ಆದವರಿಗೆ ಹೆಚ್ಚು. ಶಸ್ತ್ರಚಿಕಿತ್ಸೆಯ ಹೆಸರು, ದಿನಾಂಕ, ಆಸ್ಪತ್ರೆಯ ತುರ್ತು ಸಂಖ್ಯೆ, ಈಗಿನ ಔಷಧಿಗಳ ಪಟ್ಟಿ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಅದರ ಫೋಟೋವನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಐದು ವರ್ಷಗಳ ನಂತರ ಹಲ್ಲುನೋವಿಗೋ ಮಂಡಿನೋವಿಗೋ ಬೇರೊಬ್ಬ ವೈದ್ಯರ ಬಳಿ ಹೋದಾಗಲೂ ಆ ಹಾಳೆಯನ್ನು ತೋರಿಸಬೇಕು. ನಮ್ಮಲ್ಲಿ ಮೆಡಿಕಲ್ ಸ್ಟೋರಿನಿಂದ ಚೀಟಿಯಿಲ್ಲದೆ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್ ನೋವಿನ ಮಾತ್ರೆಗಳು ಬೈಪಾಸ್ ಆದವರ ಜೋಡಣೆಯಲ್ಲಿ ಹುಣ್ಣನ್ನು ಉಂಟುಮಾಡಬಲ್ಲವು. ಬೀಡಿ, ಸಿಗರೇಟು ಸೇದುವುದರಿಂದಲೂ ಇದೇ ಅಪಾಯವಿದೆ. ನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸುರಕ್ಷಿತ.

ಹೆಜ್ಜೆ 2: ಮೊದಲ ಎರಡು ವಾರ ನಾಡಿ, ನೀರು, ನಡಿಗೆ ಈ ಮೂರನ್ನು ಗಮನಿಸಿ

ಭುಜದ ನೋವು ಮೊದಲ ಅಚ್ಚರಿ. ರಂಧ್ರದ ಮೂಲಕ ಆಪರೇಷನ್ ಮಾಡುವಾಗ ಹೊಟ್ಟೆಯನ್ನು ಉಬ್ಬಿಸಲು ತುಂಬುವ ಕಾರ್ಬನ್ ಡೈಆಕ್ಸೈಡ್ ಅನಿಲದ ಉಳಿಕೆ, ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯಾದ ವಪೆಯನ್ನು ಕೆಣಕುತ್ತದೆ. ವಪೆಯ ನರವೂ ಭುಜದ ನರವೂ ಕುತ್ತಿಗೆಯ ಒಂದೇ ಮಟ್ಟದಿಂದ ಹೊರಡುವುದರಿಂದ ಮೆದುಳು ಆ ನೋವನ್ನು ಭುಜದ್ದೆಂದು ಭಾವಿಸುತ್ತದೆ. ಎರಡು ಮೂರು ದಿನಗಳಲ್ಲಿ ಇದು ಕಡಿಮೆಯಾಗುತ್ತದೆ. ಕೋಣೆಯಲ್ಲೇ ಗಂಟೆಗೊಮ್ಮೆ ಐದು ನಿಮಿಷ ನಡೆದರೆ ಭುಜವೂ ಹಗುರವಾಗುತ್ತದೆ, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವೂ ತಗ್ಗುತ್ತದೆ. ಆಪರೇಷನ್ ಆದವರನ್ನು ಮಂಚದಿಂದ ಇಳಿಯಲು ಬಿಡದೆ ಆರೈಕೆ ಮಾಡುವ ನಮ್ಮ ಮನೆಗಳ ಪ್ರೀತಿ ಇಲ್ಲಿ ನಿಜಕ್ಕೂ ಹಾನಿ ಮಾಡುತ್ತದೆ.

ನೀರು ಕುಡಿಯುವುದೇ ಒಂದು ಕೆಲಸವಾಗುತ್ತದೆ ಎಂಬುದನ್ನು ಯಾರೂ ಊಹಿಸಿರುವುದಿಲ್ಲ. ಸಿರಪ್ಪಿನ ಬಾಟಲಿಯೊಂದಿಗೆ ಬರುವ ಅಳತೆಯ ಮುಚ್ಚಳವನ್ನು ತೆಗೆದುಕೊಂಡು ಸುಮಾರು 30 ಮಿಲಿಲೀಟರನ್ನು ಹತ್ತು ಹದಿನೈದು ನಿಮಿಷಗಳಲ್ಲಿ ಗುಟುಕು ಗುಟುಕಾಗಿ ಕುಡಿಯಬೇಕು. ಇದೇ ರೀತಿ ಎಚ್ಚರವಿರುವಷ್ಟು ಹೊತ್ತೂ ಮುಂದುವರಿಸಿ, ದಿನಕ್ಕೆ ಒಂದೂವರೆ ಲೀಟರಿನ ಗುರಿಯತ್ತ ನಿಧಾನವಾಗಿ ಸಾಗಬೇಕು. ಮೂತ್ರ ಕಡು ಹಳದಿಯಾದರೆ, ನಿಂತಾಗ ತಲೆ ಸುತ್ತಿದರೆ ನೀರು ಸಾಲದೆಂದು ಅರ್ಥ. ತಲೆಸುತ್ತಿಗೆ ಇನ್ನೊಂದು ಕಾರಣವೂ ಇರಬಹುದು. ಊಟ ಒಮ್ಮೆಲೇ ಇಳಿದಿರುವಾಗ ಹಳೆಯ ಪ್ರಮಾಣದ ಬಿ.ಪಿ. ಮಾತ್ರೆ, ಇನ್ಸುಲಿನ್, ಗ್ಲಿಮಿಪಿರೈಡ್‌ನಂಥ ಸಕ್ಕರೆ ಮಾತ್ರೆ ಅತಿಯಾಗುತ್ತವೆ. ಮಧುಮೇಹಿಗಳಲ್ಲಿ ರಕ್ತದ ಸಕ್ಕರೆ ತೂಕ ಇಳಿಯುವುದಕ್ಕೂ ಮೊದಲೇ, ದಿನಗಳ ಲೆಕ್ಕದಲ್ಲಿ ತಗ್ಗುವುದುಂಟು. ಆದ್ದರಿಂದ ಮನೆಯಲ್ಲೇ ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಅಳೆದು ಬರೆದಿಟ್ಟು, ಪ್ರಮಾಣ ಬದಲಿಸುವ ಬಗ್ಗೆ ವೈದ್ಯರನ್ನು ಕೇಳಬೇಕು. ಮಧುಮೇಹಕ್ಕೆ ಕೊಡುವ ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳನ್ನು, ಊಟ ತೀರಾ ಕಡಿಮೆಯಿರುವ ಈ ಅವಧಿಯಲ್ಲಿ, ವೈದ್ಯರು ಹೇಳುವವರೆಗೆ ಮತ್ತೆ ಆರಂಭಿಸಬಾರದು. ಸಕ್ಕರೆಯ ಅಂಕಿ ಸರಿಯಾಗಿದ್ದಾಗಲೂ ಅವು ಕೀಟೋಅಸಿಡೋಸಿಸ್, ಅಂದರೆ ರಕ್ತದಲ್ಲಿ ಆಮ್ಲ ಅಪಾಯಕಾರಿಯಾಗಿ ಏರುವ ಸ್ಥಿತಿ ತರಬಲ್ಲವು.

ಇನ್ನು ನಾಡಿ. ಕೋವಿಡ್ ಕಾಲದಲ್ಲಿ ಕೊಂಡು ಡ್ರಾಯರಿನಲ್ಲಿ ಬಿದ್ದಿರುವ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈಗ ಕೆಲಸಕ್ಕೆ ಬರುತ್ತದೆ. ಅದು ಆಮ್ಲಜನಕದ ಜೊತೆಗೆ ನಾಡಿಬಡಿತವನ್ನೂ ತೋರಿಸುತ್ತದೆ. ಬೆಳಿಗ್ಗೆ ಮತ್ತು ಸಂಜೆ, ಹತ್ತು ನಿಮಿಷ ಕುಳಿತ ನಂತರ ಅಳೆಯಿರಿ. ನಿಮಿಷಕ್ಕೆ 100ನ್ನು ಮೀರಿ ಅಲ್ಲೇ ನಿಂತರೆ ಆಸ್ಪತ್ರೆಗೆ ಫೋನ್ ಮಾಡಿ. 120ನ್ನು ದಾಟಿದರೆ, ಅಥವಾ ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು, ಏದುಸಿರು ಇವುಗಳಲ್ಲಿ ಯಾವುದಾದರೂ ಒಂದು ಜೊತೆಗೂಡಿದರೆ ಫೋನಿನಲ್ಲಿ ಕಾಲ ಕಳೆಯದೆ ಹೊರಡಿ. ಹೊಲಿಗೆಯ ಸಾಲಿನಿಂದ ಸೋರಿಕೆಯಾದಾಗ ಹೊಟ್ಟೆ ಗಟ್ಟಿಯಾಗುವುದಕ್ಕೂ ಮೊದಲು ನಾಡಿಯೇ ಸುಳಿವು ಕೊಡುವುದು ಸಾಮಾನ್ಯ. ಒಂದೇ ಮೀನಖಂಡದಲ್ಲಿ ಊತ ಮತ್ತು ನೋವು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಕಪ್ಪು ಮಲ, ರಕ್ತವಾಂತಿ ಇವು ಕೂಡ ಬೆಳಗಾಗಲಿ ಎಂದು ಕಾಯುವ ಲಕ್ಷಣಗಳಲ್ಲ.

ಹೆಜ್ಜೆ 3: ಊಟವನ್ನು ಹೊಸದಾಗಿ ಕಲಿಯಿರಿ

ಸಾಮಾನ್ಯವಾಗಿ ಮೊದಲ ಒಂದೆರಡು ದಿನ ತಿಳಿ ದ್ರವ, ನಂತರ ಸುಮಾರು ಎರಡು ವಾರ ಎಲ್ಲ ಬಗೆಯ ದ್ರವ, ಮತ್ತೆರಡು ವಾರ ನುಣ್ಣಗೆ ರುಬ್ಬಿದ ಆಹಾರ, ಆಮೇಲೆ ಮೆತ್ತನೆಯದು, ಆರರಿಂದ ಎಂಟು ವಾರಗಳ ಹೊತ್ತಿಗೆ ಮನೆಯ ಊಟ ಎಂಬ ಕ್ರಮವನ್ನು ಆಸ್ಪತ್ರೆಗಳು ಅನುಸರಿಸುತ್ತವೆ. ಬೇಳೆಯ ಕಟ್ಟು, ಕೊಬ್ಬು ತೆಗೆದ ಮಜ್ಜಿಗೆ, ಖಾರವಿಲ್ಲದ ತಿಳಿಸಾರು ಈ ಕ್ರಮಕ್ಕೆ ಸುಲಭವಾಗಿ ಹೊಂದುತ್ತವೆ. ಆದರೆ ಗಂಜಿ, ಅಂಬಲಿಗಳನ್ನೇ ನಂಬಿ ವಾರಗಟ್ಟಲೆ ಕಳೆಯುವುದು ನಮ್ಮ ಕಡೆ ಕಾಣುವ ದೊಡ್ಡ ತೊಡಕು. 20 ಗ್ರಾಂ ರಾಗಿ ಹಿಟ್ಟಿನಿಂದ ಮಾಡಿದ ಒಂದು ಬಟ್ಟಲು ಅಂಬಲಿಯಲ್ಲಿ ಪ್ರೋಟೀನು 2 ಗ್ರಾಂ ಕೂಡ ಇರುವುದಿಲ್ಲ. ದಿನಕ್ಕೆ ಬೇಕಾದದ್ದು 60ರಿಂದ 80 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ, 100 ಮಿಲಿಲೀಟರ್ ಹಾಲಿನಲ್ಲಿ 3 ಗ್ರಾಂಗಿಂತ ತುಸು ಹೆಚ್ಚು ಸಿಗುತ್ತದೆ. ಮೊಟ್ಟೆಯನ್ನೂ ತಿನ್ನದವರು ಪ್ರೋಟೀನ್ ಪುಡಿಯಿಲ್ಲದೆ ಮೊದಲ ತಿಂಗಳುಗಳಲ್ಲಿ ಈ ಗುರಿ ತಲುಪುವುದು ಕಷ್ಟ. ಇದನ್ನು ಜಿಮ್ಮಿಗೆ ಹೋಗುವವರ ಚಾಳಿ ಎಂದು ಮನೆಯವರು ಮೂಗು ಮುರಿದರೂ ಬಿಡಬಾರದು. ಹಾಲು ಕುಡಿದ ಮೇಲೆ ಹೊಟ್ಟೆ ಗುಡುಗುಟ್ಟಿ ಭೇದಿಯಾದರೆ, ಮೊದಲು ಒಗ್ಗುತ್ತಿದ್ದ ಲ್ಯಾಕ್ಟೋಸ್ ಈಗ ಒಗ್ಗುತ್ತಿಲ್ಲ ಎಂದು ತಿಳಿಯಬೇಕು. ಆಗ ಮೊಸರು, ಪನೀರು, ಸೋಯಾ ಹಾಲಿಗೆ ಬದಲಾಯಿಸಿಕೊಳ್ಳಬಹುದು.

ಗಟ್ಟಿ ಆಹಾರಕ್ಕೆ ಬಂದಾಗ ನೊರೆಯ ಪರಿಚಯವಾಗುತ್ತದೆ. ತುತ್ತು ಇಕ್ಕಟ್ಟಾದ ದಾರಿಯಲ್ಲಿ ಸಿಕ್ಕಿಕೊಂಡಾಗ ಅದನ್ನು ಜಾರಿಸಲು ದೇಹ ಜೊಲ್ಲನ್ನೂ ಲೋಳೆಯನ್ನೂ ಸುರಿಸುತ್ತದೆ. ಎದೆಯ ನಡುವೆ ಒತ್ತಿದಂತಾಗಿ, ಬಾಯಿಗೆ ಬಿಳಿ ನೊರೆ ಬರುತ್ತದೆ. ಹಾಗಾದಾಗ ನೀರು ಕುಡಿದು ತಳ್ಳಲು ನೋಡಬೇಡಿ. ನೀರಿಗೂ ದಾರಿಯಿಲ್ಲದೆ ಕಷ್ಟ ಹೆಚ್ಚುತ್ತದೆ. ಎದ್ದು ನಿಧಾನವಾಗಿ ಓಡಾಡಿ, ಉಗುಳಬೇಕಾದದ್ದನ್ನು ಉಗುಳಿ, ಮುಂದಿನ ಕೆಲವು ಗಂಟೆ ದ್ರವಾಹಾರಕ್ಕೆ ಮರಳಿ. ಮೃದುವಾಗಿ ಬೆಂದ ಅನ್ನ ಅಂಟಂಟಾಗಿ ಮುದ್ದೆಗಟ್ಟುವುದರಿಂದ, ಚಪಾತಿ ಮತ್ತು ಬ್ರೆಡ್ಡು ಹಿಟ್ಟಿನಂತಾಗುವುದರಿಂದ, ಒಣಗಿದ ಕೋಳಿಮಾಂಸ ನಾರುನಾರಾಗುವುದರಿಂದ ಹೆಚ್ಚಾಗಿ ಸಿಕ್ಕಿಕೊಳ್ಳುತ್ತವೆ. ರಾಗಿಮುದ್ದೆಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಮುದ್ದೆಯನ್ನು ಜಗಿಯದೆ ನುಂಗುವುದು ಹಳೆ ಮೈಸೂರು ಸೀಮೆಯ ಹುಟ್ಟು ಅಭ್ಯಾಸ. ಈ ಶಸ್ತ್ರಚಿಕಿತ್ಸೆಯ ನಂತರ ಜಗಿಯದೆ ನುಂಗಿದ ಪ್ರತಿ ತುತ್ತೂ ಅಪಾಯಕಾರಿ. ಮುದ್ದೆಯನ್ನು ಜಗಿಯುವುದಂತೂ ಅದನ್ನು ಬಲ್ಲವರಿಗೆ ಸಾಧ್ಯವಾಗದ ಮಾತು, ಹಾಗಾಗಿ ರಾಗಿಯನ್ನು ತೆಳು ದೋಸೆಯಾಗಿ ತಿನ್ನುವುದೇ ಜಾಣತನ.

ಪ್ರತಿ ಊಟಕ್ಕೂ 20ರಿಂದ 30 ನಿಮಿಷ ಕೊಡಿ, ಪ್ರೋಟೀನಿರುವ ಪದಾರ್ಥವನ್ನು ಮೊದಲು ತಿನ್ನಿ, ಊಟದ ಜೊತೆ ನೀರು ಬೇಡ, ಊಟವಾದ ಅರ್ಧ ಗಂಟೆಯ ನಂತರ ಕುಡಿಯಿರಿ. ಹೊಟ್ಟೆ ತುಂಬಿದೆ ಎಂಬ ಸೂಚನೆ ಹಳೆಯ ರೀತಿಯಲ್ಲಿ ಬರುವುದಿಲ್ಲ. ಬಿಕ್ಕಳಿಕೆ, ಸೀನು, ಮೂಗು ಸೋರುವುದು, ಎದೆಗೂಡಿನ ಕೆಳಗೆ ಒತ್ತಡ ಇವೇ ಈಗಿನ ಸೂಚನೆಗಳು. ಇವುಗಳಲ್ಲಿ ಒಂದು ಕಂಡರೂ ತಟ್ಟೆಯಲ್ಲಿರುವುದನ್ನು ಅಲ್ಲಿಗೇ ಬಿಡಬೇಕು. ಅನ್ನ ಚೆಲ್ಲಬಾರದೆಂಬ ಸಂಸ್ಕಾರ ಇರುವವರು ಬಡಿಸಿಕೊಳ್ಳುವಾಗಲೇ ಎರಡು ಚಮಚಕ್ಕೆ ನಿಲ್ಲಿಸಿದರಾಯಿತು. ಇಷ್ಟದ ಕಾಫಿ ವಾಕರಿಕೆ ತರುವುದು, ಒಗ್ಗರಣೆಯ ಘಾಟು ಸಹಿಸಲಾಗದಿರುವುದು, ಬರೀ ನೀರೇ ಲೋಹದಂತೆ ರುಚಿಸುವುದು ಇವೆಲ್ಲ ಸಾಮಾನ್ಯ, ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲಿ ಹೋಗುತ್ತವೆ. ಮಲಬದ್ಧತೆಯೂ ಅಷ್ಟೇ: ತಿನ್ನುವುದು ಕಡಿಮೆ, ನೀರು ಕಡಿಮೆ, ಮೇಲಿಂದ ಕಬ್ಬಿಣದ ಮಾತ್ರೆ.

ಆದರೆ ವಾಂತಿಯನ್ನು ಈ ಸಾಲಿಗೆ ಸೇರಿಸಬೇಡಿ. ಆತುರದಿಂದ ತಿಂದಾಗ ಒಮ್ಮೆ ವಾಂತಿಯಾಗುವುದು ಬೇರೆ, ಎರಡು ಮೂರು ದಿನ ಏನು ಕುಡಿದರೂ ನಿಲ್ಲದಿರುವುದು ಬೇರೆ. ದೇಹದಲ್ಲಿ ಥಯಮಿನ್, ಅಂದರೆ ಬಿ1 ಜೀವಸತ್ವದ ದಾಸ್ತಾನು ಕೆಲವೇ ವಾರಗಳಿಗೆ ಸಾಕಾಗುವಷ್ಟಿರುತ್ತದೆ. ನಿರಂತರ ವಾಂತಿಯಿಂದ ಅದು ಬರಿದಾದಾಗ ಎರಡೆರಡು ಕಾಣುವುದು, ನಡಿಗೆ ತಪ್ಪುವುದು, ಮಾತು ಗೊಂದಲವಾಗುವುದು ಆರಂಭವಾಗಿ, ತಡವಾದರೆ ಮೆದುಳಿಗೆ ಶಾಶ್ವತ ಹಾನಿಯಾಗಬಹುದು. ನಿಶ್ಶಕ್ತಿಯೆಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಡ್ರಿಪ್ ಹಾಕಿಸಿಕೊಳ್ಳುವುದು ನಮ್ಮೂರುಗಳಲ್ಲಿ ಸಾಮಾನ್ಯ. ಥಯಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಈ ಸ್ಥಿತಿ ಇನ್ನೂ ಕೆಡುತ್ತದೆ. ಆದ್ದರಿಂದ ಡ್ರಿಪ್ ಹಾಕುವ ಮೊದಲೇ ನಿಮ್ಮ ಶಸ್ತ್ರಚಿಕಿತ್ಸೆಯ ವಿಷಯವನ್ನೂ ವಾಂತಿಯ ದಿನಗಳನ್ನೂ ತಿಳಿಸಿ, ಥಯಮಿನ್ ಬೇಕಲ್ಲವೇ ಎಂದು ಸ್ಪಷ್ಟವಾಗಿ ಕೇಳಬೇಕು.

ಹೆಜ್ಜೆ 4: ಸಿಹಿಯ ಹೊಡೆತವನ್ನು ಗುರುತಿಸಿ

ಹೋಳಿಗೆ, ಪಾಯಸ, ಹಣ್ಣಿನ ರಸ, ನೋಡಲು ಬಂದವರು ಪ್ರೀತಿಯಿಂದ ತರುವ ಸಿಹಿ ಪೇಯದ ಪುಡಿ ಇವು ಬೇಗನೆ ಕರುಳಿಗೆ ಇಳಿದಾಗ ಕರುಳು ದೇಹದ ನೀರನ್ನು ತನ್ನೊಳಕ್ಕೆ ಸೆಳೆದುಕೊಳ್ಳುತ್ತದೆ. ತಿಂದ ಹತ್ತರಿಂದ ಮೂವತ್ತು ನಿಮಿಷಗಳಲ್ಲಿ ಎದೆ ಡವಡವ ಹೊಡೆದುಕೊಳ್ಳುವುದು, ಬೆವರು, ಹೊಟ್ಟೆ ಹಿಂಡುವುದು, ಭೇದಿ ಕಾಣಿಸಿಕೊಂಡು ಮಲಗಲೇಬೇಕೆನಿಸುತ್ತದೆ. ಇದು ಆರಂಭಿಕ ಡಂಪಿಂಗ್. ಹೃದಯಾಘಾತವೆಂದು ಹೆದರಿ ಓಡಿದವರೂ ಉಂಟು. ಒರಗಿ ಮಲಗಿದರೆ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಇಳಿಯುತ್ತದೆ. ಆದರೆ ಎದೆನೋವು ಕೈಗೋ ದವಡೆಗೋ ಹರಡಿದರೆ ಡಂಪಿಂಗ್ ಎಂದು ತಾವೇ ತೀರ್ಮಾನಿಸಬಾರದು.

ಇನ್ನೊಂದು ಬಗೆ ಊಟವಾದ ಒಂದರಿಂದ ಮೂರು ಗಂಟೆಗಳ ನಂತರ ಬರುತ್ತದೆ. ಸಕ್ಕರೆ ರಭಸವಾಗಿ ಏರಿದ್ದಕ್ಕೆ ಇನ್ಸುಲಿನ್ ಅತಿಯಾಗಿ ಸ್ರವಿಸಿ, ಸಕ್ಕರೆ ಪಾತಾಳಕ್ಕೆ ಇಳಿದು ಕೈ ನಡುಗುತ್ತದೆ, ಕಣ್ಣು ಮಂಜಾಗುತ್ತದೆ, ಮನಸ್ಸು ಕದಡುತ್ತದೆ. ಬೈಪಾಸ್ ಆದವರಲ್ಲಿ ಇದು ಎಲ್ಲವೂ ಸರಿಹೋಯಿತೆಂದುಕೊಂಡ ಒಂದು ವರ್ಷದ ಮೇಲೂ ಹೊಸದಾಗಿ ಆರಂಭವಾಗಬಹುದು. ಆ ಕ್ಷಣದಲ್ಲಿ ಗ್ಲೂಕೋಮೀಟರಿನಿಂದ ಅಳೆದು ಬರೆದುಕೊಳ್ಳಿ, ಸ್ವಲ್ಪ ಗ್ಲೂಕೋಸ್ ತೆಗೆದುಕೊಳ್ಳಿ, ಅದರ ಹಿಂದೆಯೇ ಮೊಸರು ಅಥವಾ ಕಡಲೆಬೀಜದಂಥದ್ದನ್ನು ತಿನ್ನಿ; ಬರೀ ಸಿಹಿ ತಿಂದರೆ ಇದೇ ಚಕ್ರ ಮತ್ತೆ ತಿರುಗುತ್ತದೆ. ಇಂಥ ಅನುಭವ ಇರುವವರು ವೈದ್ಯರನ್ನು ಕಾಣುವವರೆಗೆ ವಾಹನ ಓಡಿಸಬಾರದು. ಗರ್ಭಿಣಿಯರಿಗೆ ಸಕ್ಕರೆ ನೀರು ಕುಡಿಸಿ ಮಾಡುವ ಪರೀಕ್ಷೆಯೂ ಬೈಪಾಸ್ ಆದವರಿಗೆ ಇದೇ ಕಾರಣದಿಂದ ಹೊಂದುವುದಿಲ್ಲ ಎಂಬುದನ್ನು ಹೆರಿಗೆ ವೈದ್ಯರ ಗಮನಕ್ಕೆ ತರಬೇಕು.

ಹೆಜ್ಜೆ 5: ಮೂರನೆಯ ವಾರದ ತಕ್ಕಡಿಯನ್ನು ನಂಬಬೇಡಿ

ಆರಂಭದಲ್ಲಿ ಇಳಿದ ತೂಕದಲ್ಲಿ ಗ್ಲೈಕೋಜನ್ (ದೇಹ ಕೂಡಿಟ್ಟ ಸಕ್ಕರೆಯ ದಾಸ್ತಾನು) ಮತ್ತು ಅದು ಹಿಡಿದಿಟ್ಟಿದ್ದ ನೀರಿನ ಪಾಲು ದೊಡ್ಡದು. ದೇಹ ಆ ನೀರನ್ನು ಮತ್ತೆ ತುಂಬಿಕೊಳ್ಳುವಾಗ ಕೊಬ್ಬು ಕರಗುತ್ತಿದ್ದರೂ ಮುಳ್ಳು ಅಲುಗುವುದಿಲ್ಲ. ಒಂದೆರಡು ವಾರ ಹೀಗಿರಬಹುದು. ವಾರಕ್ಕೊಮ್ಮೆ ಮಾತ್ರ ತೂಗಿ, ಸೊಂಟದ ಸುತ್ತಳತೆಯನ್ನೂ ಬರೆದಿಡಿ. ಆಪರೇಷನ್ ವಿಫಲವಾಯಿತೆಂದು ಊಟವನ್ನು ಇನ್ನಷ್ಟು ಕಡಿಮೆ ಮಾಡಬೇಡಿ.

ಹೆಜ್ಜೆ 6: ಮೂರರಿಂದ ಒಂಬತ್ತು ತಿಂಗಳ ನಡುವಿನ ಬದಲಾವಣೆಗಳಿಗೆ ಸಿದ್ಧರಾಗಿ

ಶಸ್ತ್ರಚಿಕಿತ್ಸೆ ಮತ್ತು ಶೀಘ್ರ ತೂಕ ಇಳಿಕೆಯ ಆಘಾತಕ್ಕೆ ಕೂದಲಿನ ಬೇರುಗಳು ಒಟ್ಟಾಗಿ ವಿಶ್ರಾಂತಿಯ ಹಂತಕ್ಕೆ ಹೋಗುತ್ತವೆ, ಉದುರುವುದು ಮಾತ್ರ ಮೂರು ತಿಂಗಳ ನಂತರ ಕಾಣಿಸುತ್ತದೆ. ಬೇರು ಸಾಯದಿರುವುದರಿಂದ ಸುಮಾರು ಆರು ತಿಂಗಳಲ್ಲಿ ಉದುರುವುದು ನಿಂತು ಕೂದಲು ಮರಳಿ ಬೆಳೆಯುತ್ತದೆ. ದುಬಾರಿ ಎಣ್ಣೆ, ಬಯೋಟಿನ್ ಮಾತ್ರೆಗಳಿಗೆ ಹಣ ಸುರಿಯುವ ಮೊದಲು ಪ್ರೋಟೀನಿನ ಲೆಕ್ಕ ನೋಡಿ, ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ. ಒಂದು ವರ್ಷ ದಾಟಿಯೂ ಉದುರುತ್ತಿದ್ದರೆ ಕಬ್ಬಿಣ, ಸತು ಅಥವಾ ಥೈರಾಯ್ಡಿನ ಕೊರತೆಯನ್ನು ಹುಡುಕಬೇಕಾಗುತ್ತದೆ. ಬೆಂಗಳೂರಿನ ಸಾಮಾನ್ಯ ಚಳಿಗೂ ಸ್ವೆಟರ್ ಬೇಕೆನಿಸುವುದು ಇದೇ ಕಾಲದಲ್ಲಿ. ಹೊದಿಕೆಯಂತಿದ್ದ ಕೊಬ್ಬು ಕರಗಿದೆ, ದೇಹ ಉರಿಸುವ ಇಂಧನವೂ ಕಡಿಮೆಯಾಗಿದೆ.

ಹೆಣ್ಣುಮಕ್ಕಳು ಗಮನಿಸಲೇಬೇಕಾದ ಸಂಗತಿಯೊಂದಿದೆ. ತೂಕ ಇಳಿದಂತೆ ವರ್ಷಗಳಿಂದ ಅನಿಯಮಿತವಾಗಿದ್ದ ಮುಟ್ಟು ಸರಿಹೋಗಿ, ಮಕ್ಕಳಾಗುವುದಿಲ್ಲವೆಂದು ನಂಬಿದ್ದವರಿಗೂ ಗರ್ಭ ನಿಲ್ಲುವುದುಂಟು. ಆದರೆ ಪೋಷಕಾಂಶಗಳ ಕೊರತೆಯ ಕಾರಣ 12ರಿಂದ 18 ತಿಂಗಳ ಕಾಲ ಗರ್ಭಧಾರಣೆಯನ್ನು ಮುಂದೂಡಲು ವೈದ್ಯರು ಹೇಳುತ್ತಾರೆ. ಬೈಪಾಸ್ ಆದವರಲ್ಲಿ ಗರ್ಭನಿರೋಧಕ ಗುಳಿಗೆ ಸರಿಯಾಗಿ ಹೀರಿಕೊಳ್ಳದಿರಬಹುದಾದ್ದರಿಂದ ಕಾಪರ್-ಟಿಯಂಥ ವಿಧಾನ ಮೇಲು.

ಬಲಪಕ್ಕೆಲುಬಿನ ಕೆಳಗೆ ಊಟದ ನಂತರ ಬಂದು ಬೆನ್ನಿಗೆ ಹರಡುವ ನೋವು ಪಿತ್ತಕೋಶದ ಕಲ್ಲಿನದಾಗಿರಬಹುದು. ಶೀಘ್ರವಾಗಿ ತೂಕ ಇಳಿಯುವಾಗ ಈ ಕಲ್ಲುಗಳು ಉಂಟಾಗುವುದು ಹೆಚ್ಚು, ಅದಕ್ಕಾಗಿಯೇ ಅನೇಕ ವೈದ್ಯರು ಮೊದಲ ಆರು ತಿಂಗಳು ಅರ್ಸೋಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆ ಕೊಡುತ್ತಾರೆ. ಬೈಪಾಸ್ ಆದವರಲ್ಲಿ ಹೊಕ್ಕುಳ ಸುತ್ತ ಹಿಂಡಿ ಹಿಂಡಿ ಬರುವ ನೋವು, ತಾನಾಗಿ ಹೋಗಿ ಮತ್ತೆ ಬರುತ್ತಿದ್ದರೂ, ಗ್ಯಾಸ್ ಎಂದು ತಳ್ಳಿಹಾಕತಕ್ಕದ್ದಲ್ಲ; ಒಳಗಿನ ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡರೆ ಗಂಟೆಗಳಲ್ಲಿ ಜೀವಕ್ಕೆ ಎರವಾಗಬಹುದು. ಜೀರಿಗೆ ಕಷಾಯ ಕುಡಿದು ನೋಡೋಣ ಎನ್ನುವ ಹೊತ್ತು ಇದಲ್ಲ.

ಹೆಜ್ಜೆ 7: ಮಾತ್ರೆಗಳಿಗೆ ವೇಳಾಪಟ್ಟಿ ಮಾಡಿ

ಮಲ್ಟಿವಿಟಮಿನ್, ಬಿ12, ಕಬ್ಬಿಣ, ವಿಟಮಿನ್ ಡಿ, ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಕ್ಯಾಲ್ಸಿಯಂ ಇವು ಸಾಮಾನ್ಯವಾಗಿ ಜೀವನಪರ್ಯಂತ ಬೇಕು. ಕ್ಯಾಲ್ಸಿಯಂ ಸಿಟ್ರೇಟ್ ರೂಪದ್ದಾಗಿದ್ದರೆ ಹೊಟ್ಟೆಯ ಆಮ್ಲ ಕಡಿಮೆಯಿದ್ದರೂ ಹೀರಿಕೊಳ್ಳುತ್ತದೆ. ಒಂದು ಸಲಕ್ಕೆ 500ರಿಂದ 600 ಮಿಲಿಗ್ರಾಂ ಮೀರದಂತೆ ಹಂಚಿಕೊಳ್ಳಬೇಕು. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಎರಡು ಗಂಟೆಯ ಅಂತರವಿರಲಿ, ಕಬ್ಬಿಣದ ಮಾತ್ರೆಯ ಆಸುಪಾಸಿನಲ್ಲಿ ಕಾಫಿ, ಚಹಾ ಬೇಡ. ಅಂಗಾಲು ಜುಮ್ಮೆನ್ನುವುದು, ಮರೆವು, ನಾಲಿಗೆ ಉರಿ ಬಿ12 ಕೊರತೆಯ ಸುಳಿವುಗಳು. ಸಸ್ಯಾಹಾರಿಗಳಲ್ಲಿ ಈ ಕೊರತೆ ಶಸ್ತ್ರಚಿಕಿತ್ಸೆಗೆ ಮೊದಲೇ ಇರುವುದು ಸಾಮಾನ್ಯ. ರಕ್ತಪರೀಕ್ಷೆಯನ್ನು 3, 6 ಮತ್ತು 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಮಾಡಿಸಬೇಕು.

ಹೆಜ್ಜೆ 8: ಮನಸ್ಸಿನ ಮತ್ತು ಮಂದಿಯ ವಿಷಯಕ್ಕೂ ತಯಾರಾಗಿ

ಎರಡನೆಯ ವಾರದ ಹೊತ್ತಿಗೆ, ಇದನ್ನೇಕಾದರೂ ಮಾಡಿಸಿಕೊಂಡೆನೋ ಎಂಬ ಪಶ್ಚಾತ್ತಾಪ ಬಹಳ ಜನರಿಗೆ ಬರುತ್ತದೆ. ನೋವು, ನಿದ್ರೆಗೇಡು, ಅತಿ ಕಡಿಮೆ ಆಹಾರ, ಜೊತೆಗೆ ದುಃಖ ಬಂದಾಗ ಮೊರೆಹೋಗುತ್ತಿದ್ದ ತಿಂಡಿಯ ಬಾಗಿಲು ಮುಚ್ಚಿಹೋಗಿರುವುದು ಇವೆಲ್ಲ ಸೇರಿ ಅಳು ತರಿಸುತ್ತವೆ. ಅದು ವಾರಗಳಲ್ಲಿ ಹಗುರವಾಗದಿದ್ದರೆ ಅಥವಾ ಸಾಯುವ ಯೋಚನೆ ಸುಳಿದರೆ ಕೂಡಲೇ ಮನೋವೈದ್ಯರನ್ನು ಕಾಣಬೇಕು. ಹಗಲಿರುಳೂ ದೊರೆಯುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು. ಶಸ್ತ್ರಚಿಕಿತ್ಸೆಗೆ ಮೊದಲು ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದವರು, ಹೀರಿಕೊಳ್ಳುವ ಪ್ರಮಾಣ ಬದಲಾಗುವುದರಿಂದ, ಅದನ್ನು ಪುನಃ ಪರಿಶೀಲಿಸಿಕೊಳ್ಳಬೇಕು.

ಬೇಗ ತೂಕ ಇಳಿದವರನ್ನು ನಮ್ಮ ಸಮಾಜ ಮೆಚ್ಚುವುದಿಲ್ಲ, ಮರುಗುತ್ತದೆ. ‘ಯಾಕೆ ಇಷ್ಟು ಸೊರಗಿದ್ದೀರಿ, ಶುಗರ್ ಬಂತೇ?’ ಎಂಬ ಪ್ರಶ್ನೆಗೆ ಒಂದು ಸಿದ್ಧ ಉತ್ತರವಿರಲಿ. ಎಲ್ಲರಿಗೂ ಎಲ್ಲವನ್ನೂ ಹೇಳುವ ಹೊಣೆ ನಿಮ್ಮದಲ್ಲ. ‘ವೈದ್ಯರ ಸಲಹೆಯಂತೆ ಊಟ ಬದಲಿಸಿದ್ದೇನೆ’ ಎಂಬಷ್ಟು ಸಾಕು, ಅದು ಸುಳ್ಳೂ ಅಲ್ಲ. ಮದುವೆಮನೆಯಲ್ಲಿ ಎಲೆಯ ಮುಂದೆ ಕುಳಿತರೆ ಬಡಿಸುವವರ ಒತ್ತಾಯದಿಂದ ತಪ್ಪಿಸಿಕೊಳ್ಳುವುದು ಕಷ್ಟ. ಮನೆಯಲ್ಲೇ ಸ್ವಲ್ಪ ತಿಂದು ಹೋಗಿ, ಪಂಕ್ತಿಯ ಬದಲು ಬಫೆಯಿದ್ದರೆ ಅದನ್ನು ಆರಿಸಿ, ಅತ್ತೆ ಮಾವಂದಿರ ಸಮ್ಮುಖದಲ್ಲಾದರೆ ನಿಮ್ಮ ಪರವಾಗಿ ಬೇಡವೆನ್ನಲು ಮನೆಯ ಒಬ್ಬರಿಗೆ ಮೊದಲೇ ಹೇಳಿಡಿ. ಏಕಾದಶಿಯ ನಿರ್ಜಲ ಉಪವಾಸವನ್ನು ಮೊದಲ ವರ್ಷವಾದರೂ ಬಿಡಬೇಕು. ಮದ್ಯದ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಬೇಕು: ಬೈಪಾಸಿನ ನಂತರ ಒಂದು ಗ್ಲಾಸು ನಿಮಿಷಗಳಲ್ಲೇ ನೆತ್ತಿಗೇರುತ್ತದೆ, ಊಟದಲ್ಲಿ ಸಿಗುತ್ತಿದ್ದ ಸಮಾಧಾನವನ್ನು ಕುಡಿತದಲ್ಲಿ ಹುಡುಕುವ ಚಟವೂ ಕೆಲವರಿಗೆ ಎರಡನೆಯ ವರ್ಷದಿಂದ ಅಂಟಿಕೊಳ್ಳುತ್ತದೆ.

ಜೋತುಬೀಳುವ ಚರ್ಮ ಹಲವರಿಗೆ ತೂಕಕ್ಕಿಂತ ಹೆಚ್ಚಿನ ಬೇಸರ ಕೊಡುತ್ತದೆ. ಮಡಿಕೆಗಳನ್ನು ಒಣಗಿಸಿಕೊಂಡು ಹತ್ತಿಯ ಬಟ್ಟೆ ತೊಡುವುದರಿಂದ ಹುಣ್ಣು, ಬೂಷ್ಟಿನ ಸೋಂಕು ತಪ್ಪುತ್ತವೆ. ಅದನ್ನು ತೆಗೆಸುವ ಶಸ್ತ್ರಚಿಕಿತ್ಸೆಯನ್ನು, ತೂಕ ಒಂದು ಮಟ್ಟದಲ್ಲಿ ಕೆಲವು ತಿಂಗಳು ನಿಂತ ಮೇಲೆ, ಅಂದರೆ ಸಾಮಾನ್ಯವಾಗಿ ಒಂದೂವರೆ ವರ್ಷದ ನಂತರ ಯೋಚಿಸಬಹುದು. ಸರಿಸುಮಾರು ಅದೇ ಹೊತ್ತಿಗೆ ಹಸಿವು ಮರಳಿ ಬರುತ್ತದೆ, ತುತ್ತುಗಳೂ ಮೊದಲಿಗಿಂತ ಹೆಚ್ಚು ಇಳಿಯುತ್ತವೆ. ಜಠರ ಹಿಗ್ಗಿಹೋಯಿತೆಂದು ಹೆದರುವುದರ ಬದಲು ಒಂದು ವಾರ ತಿಂದದ್ದನ್ನೆಲ್ಲ ಬರೆದು, ಅದರಲ್ಲಿ ನೆನೆದು ಸುಲಭವಾಗಿ ಇಳಿಯುವ ಬಿಸ್ಕತ್ತು, ಮಿಕ್ಸ್ಚರ್, ಐಸ್‌ಕ್ರೀಮುಗಳು ಎಷ್ಟು ಸಲ ಬಂದಿವೆ ಎಂದು ನೋಡಿ, ಆ ಹಾಳೆಯೊಂದಿಗೆ ಆಹಾರತಜ್ಞರ ಭೇಟಿಗೆ ಸಮಯ ಗೊತ್ತುಮಾಡಿಕೊಳ್ಳಿ.